ಅತ್ತೆ ಮತ್ತು ನಾನು ನೀರಿಗೆ ಬಿದ್ದ ದಿನ

ನನಗೆ ನೀರೆಂದರೆ ಚಿಕ್ಕಂದಿನಿಂದಲೂ ಭಯ. ಈಜು ಬರುವುದಿಲ್ಲ, ಕಲಿಯುವ ಮನಸ್ಸೂ ಎಂದೂ ಮಾಡಿರಲಿಲ್ಲ. ಅಂಥ ನಾನು, ಕೋವಿಡ್ ಗಲಾಟೆ ಮುಗಿದ ಮೇಲಿನ ಒಂದು ಬೇಸಿಗೆಯಲ್ಲಿ, ವಾಷಿಂಗ್ಟನ್ನಿನ ಬೇಸ್‌ಬಾಲ್ ಮೈದಾನದ ಪಕ್ಕ ಅತ್ತೆಯ ಜೊತೆ ಕಯಾಕ್ ಎಂಬ ಪುಟ್ಟ ಹುಟ್ಟುದೋಣಿ ಹತ್ತಿದೆ.

ಅತ್ತೆ ಮೈಸೂರಿನಿಂದ ಅಲ್ಲೇ ಹತ್ತಿರದ ರಾಕ್‌ವಿಲ್‌ನ ನಮ್ಮ ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಕೂತು ಕೂತು ಬೇಸತ್ತಿದ್ದರು. ನಮ್ಮಿಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಆ ದಿನ ನನ್ನ ಗಂಡ ಮತ್ತು ಮಗಳು ಮ್ಯಾಚ್ ನೋಡಲು ಒಳಗೆ ಹೋದರು. ಬಿಸಿಲಿನಲ್ಲಿ ಕೂರಲೊಲ್ಲದ ನಾವಿಬ್ಬರೂ ಅನಕಾಸ್ಟಿಯಾ ನದಿಯ ದಡದಲ್ಲಿ ನಡೆಯತೊಡಗಿದೆವು. ಮಕ್ಕಳು ನೆನೆದು ಕುಣಿಯುವ ಕಾರಂಜಿ, ಬಿಳಿಯ ಕಾಲುಸೇತುವೆ, ಐಸ್‌ಕ್ರೀಮ್ ಅಂಗಡಿಯ ಮುಂದಿನ ಸಾಲು ಎಲ್ಲ ನೋಡಿ ಮುಗಿದಾಗ, ನದಿ ಸ್ವಲ್ಪ ಒಳಕ್ಕೆ ಚಾಚಿಕೊಂಡಿದ್ದ ಒಂದು ಜಾಗದಲ್ಲಿ ಬಾಡಿಗೆಗೆ ಕೊಡುವ ಕಯಾಕ್‌ಗಳು ಕಂಡವು.

"ಬಾಮ್ಮ, ಒಂದು ರೌಂಡ್ ಹೋಗಿ ಬರೋಣ," ಎಂದರು ಅತ್ತೆ.

"ನಂಗೆ ಈಜು ಬರಲ್ಲ ಅತ್ತೆ."

"ನಂಗೂ ಬರಲ್ಲ. ಲೈಫ್ ಜಾಕೆಟ್ ಕೊಡ್ತಾರಲ್ಲ! ಅಲ್ಲೇ ಒಳಗೇ ಸುತ್ತೋದು, ನದಿಗೆ ಹೋಗೋದು ಬೇಡ."

ಇಲ್ಲ ಎನ್ನಲು ಸಂಕೋಚವಾಯಿತು. ಇಬ್ಬರು ಕೂರುವ ಕಯಾಕ್; ಅತ್ತೆ ಮುಂದೆ, ನಾನು ಹಿಂದೆ. ದಡದ ಹುಡುಗಿ ಹುಟ್ಟು ಹಾಕುವುದನ್ನು ತೋರಿಸಿಕೊಟ್ಟು ಮೆಲ್ಲಗೆ ತಳ್ಳಿದಳು. ಅತ್ತೆ ಹುರುಪಿನಿಂದ ಹುಟ್ಟು ಹಾಕುತ್ತಿದ್ದರೆ ನಾನು ನೀರಿನ ಕಡೆ ನೋಡದೆ ಅವರ ತುರುಬನ್ನೇ ನೋಡುತ್ತ ಕೂತಿದ್ದೆ.

ಗುಡುಗು ಯಾವ ಮುನ್ಸೂಚನೆಯೂ ಇಲ್ಲದೆ ಬಂತು. ತಿರುಗಿದರೆ ಮೈದಾನದ ಹಿಂದಿನ ಆಕಾಶವೆಲ್ಲ ಕಪ್ಪು. ದಡದ ಹುಡುಗಿ ಕೈಬೀಸಿ ಎಲ್ಲರನ್ನೂ ವಾಪಸ್ ಕರೆಯುತ್ತಿದ್ದಳು. ನಾವು ತಿರುಗಿಸಲು ನೋಡಿದೆವು. ಅಷ್ಟರಲ್ಲಿ ಗಾಳಿ ಎದ್ದು, ಹುಟ್ಟು ಹಾಕಿದಷ್ಟೂ ನಮ್ಮನ್ನು ನದಿಯ ಕಡೆಗೇ ನೂಕತೊಡಗಿತು.

"ಎಡಗಡೆ ಹಾಕು, ಎಡಗಡೆ!" ಅತ್ತೆ ಕೂಗಿದರು. ಎಡ ಯಾವುದು, ಬಲ ಯಾವುದು ಎಂದೇ ನನಗೆ ತಿಳಿಯದಾಯಿತು. ಯಾವುದೋ ದೊಡ್ಡ ದೋಣಿ ದಡ ಸೇರುವ ಅವಸರದಲ್ಲಿ ಹಾದುಹೋಯಿತು. ಅದರ ಹಿಂದೆ ಎದ್ದ ಅಲೆ ಪಕ್ಕದಿಂದ ಬಡಿದು, ಕಯಾಕ್ ಮಗುಚಿತು.

ತಲೆ ನೀರಿನಿಂದ ಮೇಲೆ ಬಂದಾಗ ಬಾಯಿ, ಮೂಗಿನಲ್ಲೆಲ್ಲ ನೀರು. ಕಾಲಿಗೆ ನೆಲ ಸಿಗುತ್ತಿರಲಿಲ್ಲ. ಎರಡೂ ಕೈಗಳಿಂದ ಕಯಾಕನ್ನು ತಬ್ಬಿಕೊಂಡೆ. ಅತ್ತೆ ಕಾಣಲಿಲ್ಲ.

"ಅತ್ತೆ! ಅತ್ತೆ!" ಎಂದು ಕಿರುಚಿದೆ. ಅದೇ ಹೊತ್ತಿಗೆ ಮೈದಾನದಲ್ಲಿ ಯಾರೋ ಚೆಂಡನ್ನು ಜೋರಾಗಿ ಹೊಡೆದಿರಬೇಕು, ಸಾವಿರಾರು ಜನ ಒಟ್ಟಿಗೆ ಹೋ ಎಂದರು. ನನ್ನ ದನಿ ನನಗೇ ಕೇಳಿಸಲಿಲ್ಲ. ಆ ಹರ್ಷೋದ್ಗಾರದೊಳಗೆ ನನ್ನ ಮಗಳ ದನಿಯೂ ಇತ್ತು.

ಕೈ ಬಿಡಲು ಧೈರ್ಯವಿಲ್ಲದೆ ಕಯಾಕನ್ನು ಹಿಡಿದುಕೊಂಡೇ ಆ ಪಕ್ಕಕ್ಕೆ ಜರುಗಿದೆ. ಅತ್ತೆ ಅಲ್ಲಿದ್ದರು. ಕಯಾಕಿನ ಹಗ್ಗವನ್ನು ಬೆರಳುಗಳಲ್ಲಿ ಸಿಕ್ಕಿಸಿಕೊಂಡು, ಕಣ್ಣು ಅಗಲಿಸಿ, ಸದ್ದೇ ಇಲ್ಲದೆ ತೇಲುತ್ತಿದ್ದರು. ಕನ್ನಡಕ ಹೋಗಿತ್ತು. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಏನಕ್ಕೂ ಹೆದರದ ಹೆಂಗಸು ಎಂದುಕೊಂಡಿದ್ದವರ ಆ ಮುಖ ನೋಡಿ ನನಗೆ ನೀರಿಗಿಂತ ಹೆಚ್ಚು ಭಯವಾಯಿತು. ಅವರ ಜಾಕೆಟ್ಟಿನ ಪಟ್ಟಿಗೆ ಕೈಹಾಕಿ ಬಿಗಿಯಾಗಿ ಹಿಡಿದೆ.

"ಬಿಡಲ್ಲ ಅತ್ತೆ, ನಾನು ಬಿಡಲ್ಲ," ಎಂದು ಒಂದೇ ಸಮನೆ ಹೇಳುತ್ತಿದ್ದೆ. ಮಳೆ ಶುರುವಾಗಿ ಮುಖಕ್ಕೆ ರಾಚುತ್ತಿತ್ತು.

ಅಷ್ಟರಲ್ಲಿ ಒಂದು ಪುಟ್ಟ ಮೋಟಾರು ದೋಣಿ ನಮ್ಮತ್ತ ತಿರುಗಿತು. ಅದರಲ್ಲಿದ್ದ ವಯಸ್ಸಾದ ಅಮೆರಿಕನ್ ದಂಪತಿ ಮೊದಲು ಅತ್ತೆಯನ್ನು, ಆಮೇಲೆ ನನ್ನನ್ನು ಮೇಲಕ್ಕೆಳೆದುಕೊಂಡು ಟವೆಲ್ ಹೊದಿಸಿದರು. ಅತ್ತೆಯ ಹಲ್ಲು ಕಟಕಟ ಎನ್ನುತ್ತಿತ್ತು. ದಡ ಹತ್ತಿರವಾದಾಗ ಮೊದಲ ಮಾತು ಹೊರಟಿತು.

"ನಿಮ್ಮಮ್ಮಂಗೆ ಏನಂತ ಫೋನ್ ಮಾಡ್ಲಿ ಅಂತ ಅದೊಂದೇ ತಲೇಲಿ ಓಡ್ತಿತ್ತು ಕಣೇ."

ಅವರು ನನಗೆ 'ಕಣೇ' ಎಂದದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ.

ಮಳೆಗೆ ಮ್ಯಾಚ್ ನಿಂತು ಹೊರಬಂದ ಮಗಳು ನಮ್ಮನ್ನು ನೋಡಿ, "ಅಜ್ಜಿ, ನಿಮ್ಮ ಗ್ಲಾಸಸ್ ಎಲ್ಲಿ? ವೈ ಆರ್ ಯೂ ಶಿವರಿಂಗ್?" ಎಂದಳು.

"ಮಳೇಲಿ ನೆಂದ್ವಿ ಪುಟ್ಟಿ, ಕನ್ನಡಕ ಎಲ್ಲೋ ಬಿತ್ತು," ಎಂದರು ಅತ್ತೆ. ಗಂಡನಿಗೆ ನಿಜ ಹೇಳಿದ್ದು ಮನೆಗೆ ಬಂದು, ಮಗಳು ಮಲಗಿದ ಮೇಲೆಯೇ. 

ಆಮೇಲೆ ಅತ್ತೆ ಊರಿಗೆ ಹೊರಡುವವರೆಗೂ, ಕಾರು ಯಾವ ಸೇತುವೆ ಹತ್ತಿದರೂ ಹಿಂದಿನ ಸೀಟಿನಲ್ಲಿ ನನ್ನ ಕೈ ಹುಡುಕಿ ಹಿಡಿದುಕೊಳ್ಳುತ್ತಿದ್ದರು. ಇಬ್ಬರೂ ಕಿಟಕಿಯಾಚೆ ನೋಡುತ್ತಿರಲಿಲ್ಲ.