ಬೆಟಗೇರಿಯ ಚಾಚಾ ಮತ್ತು ಕವಲಿನಲ್ಲಿ ನಿಂತ ರೈಲು

ಅವರ ಬಲಗೈ ಗೆಣ್ಣುಗಳ ಮೇಲೆ ಒಂದು ಕೂದಲೂ ಇರಲಿಲ್ಲ. ಚರ್ಮ ನುಣ್ಣಗೆ, ತುಸು ಬೆಳ್ಳಗೆ ಹೊಳೆಯುತ್ತಿತ್ತು. ಯಾವ ತಂತಿಯನ್ನೇ ಆಗಲಿ ಚಾಚಾ ಮೊದಲು ಮುಟ್ಟುತ್ತಿದ್ದುದು ಆ ಹಿಂಗೈಯಿಂದ. ಪ್ಲಗ್ಗು ತಾವೇ ಕಿತ್ತಿದ್ದರೂ, ಟೆಸ್ಟರ್ ಹಚ್ಚಿ ನೋಡಿದ್ದರೂ ಅಷ್ಟೇ. ಅಂಗೈಯಿಂದ ಹಿಡಿದರೆ ಕರೆಂಟು ಮುಷ್ಟಿ ಬಿಗಿಸಿ ಹಿಡಿದುಕೊಂಡುಬಿಡುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ ಎನ್ನುತ್ತಿದ್ದರು. "ಬಂದ್ ಮಾಡೇನಿ ಅಂತ ಯಾರರ ಅಂದ್ರ ನಂಬಬಾರದ್ರಿ ಅಕ್ಕೋರ. ನಾನ ಅಂದ್ರೂ ನಂಬಬಾರದು."

ಬೆಟಗೇರಿಯಲ್ಲಿ ಅವರದೊಂದು ಸಣ್ಣ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಕೆಲಸ. ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಲಿಸುವುದು ವಿದ್ಯುತ್ತು, ಅಂಜುವುದೂ ವಿದ್ಯುತ್ತಿಗೇ. ಒಂದು ವರ್ಷ ನಾನು ಮಾಡಿ ತೋರಿಸುತ್ತಿದ್ದ ಪ್ರಯೋಗದಲ್ಲಿ ತಂತಿ ಕಾದು ಒಬ್ಬ ಹುಡುಗಿಯ ಅಂಗೈ ಸುಟ್ಟಿತ್ತು. ಗಾಯ ಹದಿನೈದು ದಿನದಲ್ಲಿ ಮಾಯಿತು. ನನಗೆ ಮಾತ್ರ ಅಲ್ಲಿಂದಾಚೆ ಸ್ವಿಚ್ಚು ಒತ್ತುವಾಗಲೆಲ್ಲ ಎದೆ ಡವಗುಟ್ಟುತ್ತಿತ್ತು.

ಮರುವರ್ಷ ಹುಬ್ಬಳ್ಳಿಯ ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಒಂದು ಹಳೆಯ ಆಟದ ರೈಲನ್ನು ಶಾಲೆಗೆ ಕೊಟ್ಟರು. ಒಂದು ಎಂಜಿನ್, ಎಂಟು ಡಬ್ಬಿ, ಒಂದು ಚೀಲ ಹಳಿ. ಹುಡುಗಿಯರಿಗೆ ಸರ್ಕಿಟ್ ತೋರಿಸಲು ಇದಕ್ಕಿಂತ ಒಳ್ಳೆಯದು ಸಿಗಲಾರದು ಎಂದು ಹುರುಪಿನಿಂದ ಪ್ಲೈವುಡ್ಡಿನ ಮೇಲೆ ಹಳಿ ಜೋಡಿಸಿದೆ. ಸುತ್ತು ಹಳಿಯ ಮೇಲೆ ಎಂಜಿನ್ ಚೆನ್ನಾಗಿಯೇ ಓಡಿತು. ಆದರೆ ಒಂದು ಹಳಿ ಎರಡಾಗಿ ಒಡೆಯುವ ಕವಲಿನಲ್ಲಿ ಪಕ್ಕದ ದಾರಿಗೆ ತಿರುಗಿಸಿದೆನೋ, ಎಲ್ಲ ಸ್ತಬ್ಧ. ಮೂರನೆಯ ಸಲ ಹಲಗೆಯ ಕೆಳಗಿನಿಂದ ಹೊಗೆ ಎದ್ದಿತು. ತಂತಿಯ ಮೇಲಿನ ಪ್ಲಾಸ್ಟಿಕ್ಕು ಕರಗಿ ನಾರುತ್ತಿತ್ತು.

ಹೆಡ್‌ಮೇಡಂ ಬಾಗಿಲಲ್ಲೇ ನಿಂತು ನೋಡಿದರು. "ಹೋದ ವರ್ಷದ್ದು ಸಾಕಾಗಿಲ್ಲೇನ್ರಿ? ವಿಜ್ಞಾನ ಪ್ರದರ್ಶನಕ್ಕ ಇನ್ನ ಎಂಟು ದಿನ ಐತಿ. ಆಗಲಿಲ್ಲಂದ್ರ ಬಿಚ್ಚಿ ಇಟ್ಟುಬಿಡ್ರಿ."

ಬಿಚ್ಚಿಟ್ಟಿದ್ದರೆ ನಾನು ಇನ್ನೆಂದೂ ತಂತಿ ಮುಟ್ಟುತ್ತಿರಲಿಲ್ಲ. ಶಾಲೆಯ ಬೋರಿನ ಮೋಟಾರು ರಿಪೇರಿ ಮಾಡುತ್ತಿದ್ದ ಚಾಚಾನಿಗೆ ಹೇಳಿ ಕಳಿಸಿದೆ.

ಅವರು ಚಪ್ಪಲಿ ಹೊರಗೆ ಬಿಟ್ಟು ಬಂದರು. ಆಟದ ರೈಲನ್ನು ಅವರು ನೋಡಿದ್ದು ಅದೇ ಮೊದಲು. ಕೈ ಹಿಂದೆ ಕಟ್ಟಿಕೊಂಡು ಹಲಗೆಯ ಸುತ್ತ ಸುಮಾರು ಹೊತ್ತು ತಿರುಗಿದರು.

"ಎರಡು ಹಳಿ ಅಂದ್ರ ಎರಡು ತಂತಿ. ಒಂದಕ್ಕೊಂದು ತಾಗಬಾರದು. ಆದ್ರ ಹಳಿ ಒಡದಲ್ಲಿ ಈ ಕಡೀದು ಆ ಕಡೀದನ್ನ ದಾಟಿ ಹೋಗಾಕ ಬೇಕಲ್ರಿ. ತಂಟೆ ಅಲ್ಲೇ ಐತಿ."

ಜೇಬಿನಿಂದ ಲಾರಿಯ ಹಿಂದಿನ ದೀಪದ ಒಂದು ಬಲ್ಬು ತೆಗೆದು, ಹಳಿಗೆ ಹೋಗುವ ತಂತಿಯ ನಡುವೆ ಜೋಡಿಸಿದರು. "ಇನ್ನ ಶಾರ್ಟ್ ಆದ್ರ ತಂತಿ ಸುಡಂಗಿಲ್ಲ. ಬಲ್ಬು ಹತ್ತತೈತಿ, ಅಷ್ಟ."

ಡಬ್ಬಿ, ಎಂಜಿನ್ ಎಲ್ಲ ಎತ್ತಿಸಿದರು. ಬರಿಯ ಹಳಿ. ಕವಲು ತಿರುಗಿಸಿದರೆ ಬಲ್ಬು ಝಗ್ಗನೆ ಹತ್ತಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಖುಷಿಯಾದರು. "ಗಾಡಿ ಇಲ್ಲದ ಹತ್ತೈತಿ. ಅಂದ್ರ ಗಾಡೀದ ತಪ್ಪಲ್ಲ, ಹಳೀದು." ಕವಲು ದಾಟಿದ ಮೇಲಿನ ಒಳಗಿನ ಎರಡು ಹಳಿಗಳನ್ನು ತೆಳ್ಳನೆಯ ಗರಗಸದಿಂದ ಕೊಯ್ದು, ಸಂದಿಗೆ ಪ್ಲಾಸ್ಟಿಕ್ಕಿನ ಚೂರು ಸಿಗಿಸಿ, ಆಚೆಯ ಭಾಗಕ್ಕೆ ಬೇರೆ ತಂತಿ ಎಳೆದರು. ಬಲ್ಬು ಆರಿತು.

ಆದರೆ ಪೂರ್ತಿ ಗಾಡಿ ಓಡಿಸಿದಾಗ ಅದೇ ಕವಲಿನಲ್ಲಿ ಬಲ್ಬು ಮಿಣಕ್ಕೆಂದಿತು, ಎಂಜಿನ್ ಮುಗ್ಗರಿಸಿತು. ಒಮ್ಮೆ ಆಗುತ್ತಿತ್ತು, ನಾಲ್ಕು ಸಲ ಆಗುತ್ತಿರಲಿಲ್ಲ. ಪೂರಾ ಕೆಟ್ಟಿದ್ದರೆ ವಾಸಿ. ಇದು ಯಾವ ಸುತ್ತಿನಲ್ಲಿ ಕೈ ಕೊಡುತ್ತದೋ ಎಂದು ಕಾಯುತ್ತ ಎರಡು ದಿನದಲ್ಲಿ ಉಗುರೆಲ್ಲ ಕಚ್ಚಿ ಮುಗಿಸಿದೆ. ಚಾಚಾ ಮಾತ್ರ ಅವಸರ ಮಾಡಲಿಲ್ಲ. "ಎಲ್ಲಾ ಕೂಡಿಸಿ ನೋಡಬ್ಯಾಡ್ರಿ. ಅರ್ಧ ತಗೀರಿ, ಅರ್ಧ ಇಡ್ರಿ." ಎಂಟು ಡಬ್ಬಿ ನಾಲ್ಕಾದವು, ಎರಡಾದವು, ಕೊನೆಗೆ ಒಂದು ಉಳಿಯಿತು. ಅದರ ಎರಡು ಗಾಲಿಗಳ ನಡುವಿನ ಅಂತರ ಕೂದಲೆಳೆಯಷ್ಟು ಕಡಿಮೆ. ಗಾಲಿಯ ಬೆನ್ನು ಕವಲಿನ ತೆರೆದ ಹಳಿಗೆ ಸವರಿ ಹೋಗುತ್ತಿತ್ತು. ಆ ಜಾಗಕ್ಕೆ ಟೇಪಿನ ತುಣುಕು ಅಂಟಿಸಿ ಖಾತ್ರಿ ಮಾಡಿಕೊಂಡರು. ಆಮೇಲೆ ಬಹಳ ಸಂಕೋಚದಿಂದ ಕೇಳಿದರು: "ಹೆಣಮಕ್ಕಳು ಉಗುರಿಗೆ ಹಚ್ಕೋತಾರಲ್ರಿ, ಬಣ್ಣ ಇಲ್ಲದ್ದು... ಒಂದು ಶೀಶಾ ಸಿಗತೈತೇನ್ರಿ?" ಟೇಪು ಕಿತ್ತು, ಕರೆಂಟು ದಾಟದಂತೆ ಹಳಿಯ ಆ ಜಾಗಕ್ಕೆ ಅದನ್ನು ಎರಡು ಸಲ ಬಳಿದು ಒಣಗಿಸಿದ ಮೇಲೆ ಮಿಣುಕುವುದು ನಿಂತಿತು.

ಅವತ್ತು ಚಹಾ ಕುಡಿಯುವಾಗ, ಹುಡುಗಿಯ ಅಂಗೈ ಸುಟ್ಟಿದ್ದನ್ನು ಅವರಿಗೆ ಹೇಳಿದೆ. ಎದೆ ಹೊಡೆದುಕೊಳ್ಳುವುದನ್ನೂ ಹೇಳಿದೆ. ಅವರು ಬಸಿಗೆ ಇನ್ನಷ್ಟು ಚಹಾ ಸುರಿದುಕೊಂಡರು.

"ಮಲ್ಲಸಮುದ್ರದ ಕಡೆ ಒಂದು ಹೊಲದಾಗ ನಾನೂ ನನ್ನ ತಮ್ಮನೂ ಮೋಟಾರ್ ಬಿಚ್ಚಾಕ ಹೋಗಿದ್ವಿ. ಬಂದ್ ಮಾಡೇನಿ, ಮುಟ್ಟಲೇ, ಅಂತ ಪೆಟ್ಟಿಗಿ ಕಡಿಂದ ಒದರಿದಾಂವ ನಾನ ರೀ. ಪೆಟ್ಟಿಗ್ಯಾಗ ಎರಡು ಸ್ವಿಚ್ ಇದ್ದವು. ನಾ ಬ್ಯಾರೇದನ್ನ ಬಂದ್ ಮಾಡಿದ್ದೆ."

ನಾನು ಕಪ್ಪು ಕೆಳಗಿಟ್ಟೆ.

"ತಮ್ಮ ಹೋಗಿ ನಲವತ್ತು ವರ್ಷ ಆತು. ದಿನಾ ಅಂಜತೇನ್ರಿ. ಅಂಜಿಕೋತನ ಕೆಲಸ ಮಾಡತೇನಿ. ಅಂಜಿಕಿ ಹೋಗಲಿ ಅಂತ ಕಾದ್ರ ಅದು ಹೋಗಂಗಿಲ್ಲ."

ಪ್ರದರ್ಶನದ ದಿನ ಹನ್ನೊಂದು ಗಂಟೆಗೆ, ಕೋಣೆ ತುಂಬ ಮಂದಿ ಇದ್ದಾಗ, ಬಲ್ಬು ಹತ್ತಿತು. ರೈಲು ನಿಂತಿತು. ಹೆಡ್‌ಮೇಡಂ ನನ್ನನ್ನೇ ನೋಡುತ್ತಿದ್ದರು. ನನಗೆ ಕಲಿತದ್ದೆಲ್ಲ ಮರೆತೇಹೋಯಿತು. ಹಲಗೆಯ ಪಕ್ಕದಲ್ಲೇ ನಿಂತು ಚಾಚಾನಿಗೆ ಫೋನ್ ಹಚ್ಚಿದೆ.

"ಚಾಚಾ, ಬಲ್ಬು ಹತ್ತಿಬಿಟ್ಟೈತ್ರಿ."

ಆ ಕಡೆ ಯಾರೋ ಹೆಂಗಸು ಏನೋ ಅಂದದ್ದು ಕೇಳಿಸಿತು. "ಹತ್ತೈತಲ್ಲ? ಅಂದ್ರ ಏನೂ ಸುಟ್ಟಿಲ್ಲ. ಚಲೋ ಆತು. ಗಾಡಿ ಎಲ್ಲಾ ಎತ್ತರಿ. ಎತ್ತಿದ್ರಿ? ಈಗ?"

"ಇನ್ನೂ ಹತ್ತೈತ್ರಿ. ಎಲ್ಲಾರೂ ನೋಡಾಕತ್ತಾರ್ರಿ."

"ನೋಡ್ಲಿ. ಗಾಡೀದಲ್ಲ, ಹಳೀದು. ಮಂದಿ ಎಲ್ಲಿ ಭಾಳ ಬಗ್ಗಿ ನೋಡ್ಯಾರ, ಅಲ್ಲಿಂದ ಹಳಿ ಮ್ಯಾಲೆ ಬೆರಳು ಆಡಿಸಿಕೋತ ಬರ್ರಿ. ನಾ ಫೋನ್ ಇಡಂಗಿಲ್ಲ."

ಕಿವಿಗೆ ಫೋನ್ ಆನಿಸಿಕೊಂಡೇ ಬೆರಳಾಡಿಸಿದೆ. ಕವಲಿನ ಹತ್ತಿರ, ಎರಡೂ ಹಳಿಗಳ ಮೇಲೆ ಅಡ್ಡಲಾಗಿ, ಯಾರದೋ ತಲೆಯಿಂದ ಬಿದ್ದ ಒಂದು ಕರಿಯ ಹೇರ್‌ಪಿನ್. ಎತ್ತಿದೆ. ಬಲ್ಬು ಆರಿತು. ಎಂಜಿನ್, ಡಬ್ಬಿಗಳನ್ನು ಮತ್ತೆ ಹಳಿಗೆ ಇಟ್ಟು ನಾನೇ ಸ್ವಿಚ್ಚು ಒತ್ತಿದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. "ಓಡಿತ್ರಿ ಚಾಚಾ!" ಎಂದೆ. "ಕೇಳಿಸಾಕತ್ತೈತಿ," ಎಂದರು. ಫೋನ್ ಕಟ್ಟಾಯಿತು.

ಮೂರನೆಯ ದಿನ ಪೇಡೆ ಕಟ್ಟಿಸಿಕೊಂಡು ಬೆಟಗೇರಿಗೆ ಹೋದೆ. ಅಂಗಡಿಯ ಶಟರ್ ಇಳಿದಿತ್ತು. ಪಕ್ಕದ ಸೈಕಲ್ ಅಂಗಡಿಯವನು ನನ್ನ ಕೈಯ ಪೊಟ್ಟಣ ನೋಡಿ ತಲೆ ತಗ್ಗಿಸಿದ. "ಅಕ್ಕೋರ, ಚಾಚಾ ಹ್ವಾದ್ರು. ನಿನ್ನೆ ಮಣ್ಣಾತು."

ಮನೆ ಹಿಂದಿನ ಓಣಿಯಲ್ಲೇ ಇತ್ತು. ಚಾಚಿ ನನ್ನನ್ನು ಗೋಡೆಯ ಪಕ್ಕ ಚಾಪೆಯ ಮೇಲೆ ಕೂಡಿಸಿಕೊಂಡರು. ಪ್ರದರ್ಶನದ ದಿನ ಚಾಚಾ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿದ್ದರಂತೆ, ಹೃದಯದ ಆಪರೇಷನ್ನಿಗೆ. ನನಗೆ ಹೇಳಬೇಡವೆಂದಿದ್ದರಂತೆ. ಬಟ್ಟೆ ಬದಲಿಸಿ ಒಳಗೆ ಕರೆದೊಯ್ಯುವ ಹೊತ್ತಿಗೆ ನನ್ನ ಫೋನ್ ಹೋಗಿದೆ.

"ಮುಂಜಾನಿಂದ ಭಾಳ ಅಂಜಿದ್ರವ್ವಾ. ನನ್ನ ಕೈ ಬಿಟ್ಟಿದ್ದಿಲ್ಲ. ಸಿಸ್ಟರ್ ಫೋನ್ ಕೊಡ್ರಿ ಅಂದ್ರ, ಅಕ್ಕೋರು ಅಂಜ್ಯಾರ, ಜರಾ ತಡೀರಿ ಅಂದ್ರು. ನಿನ್ನ ಜೋಡಿ ಮಾತಾಡೂ ಮುಂದ ನನ್ನ ಕೈ ಬಿಟ್ಟಿದ್ರು ನೋಡು."

ಈಗ ಶಾಲೆಯಲ್ಲಿ ಎಲ್ಲಿ ಫ್ಯೂಸು ಹೋದರೂ ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ, ಅಂಜಿಕೊಂಡೇ ಹೋಗುತ್ತೇನೆ. ಆದರೆ ಆ ದಿನ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದೆನಲ್ಲ, "ಚಾಚಾ, ನೀವು ಎಲ್ಲಿದ್ದೀರಿ?" ಎಂದು ಒಮ್ಮೆಯೂ ಕೇಳಲಿಲ್ಲ.