ಮುಖವಾಡದೊಳಗಿದ್ದ ಸತುರ್ನಿನಾ

ಒರೂರೊ ಎಂಬ ಗಣಿಯೂರಿನ ಬೀದಿಯಲ್ಲಿ ಆಲೂಗಡ್ಡೆ ಮಾರುವ ಸತುರ್ನಿನಾಳ ಬಾಯಿ ಎಂಥದೆಂದು ಊರಿಗೆಲ್ಲ ಗೊತ್ತು. ಅಂಥ ಬಾಯಲ್ಲೂ ಒಂದು ಗುಟ್ಟು ನಲವತ್ತು ವರ್ಷ ನಿಂತಿತ್ತು ಅಂದರೆ ನಂಬುತ್ತೀರಾ?

ಅವಳ ಗಂಡ ಸಿಪ್ರಿಯಾನೊ ಮೂರು ವರ್ಷ ಕಾರ್ನಿವಲ್ ಹಬ್ಬದಲ್ಲಿ ದೆವ್ವದ ವೇಷ ಹಾಕಿ ಕುಣಿಯುತ್ತೇನೆಂದು ಗಣಿ ಕಾಯುವ ಮಾತೆಗೆ ಹರಕೆ ಹೊತ್ತಿದ್ದ. ಒಂದು ವರ್ಷ ಕುಣಿದ ಮೇಲೆ ಗಣಿಯಲ್ಲಿ ಕಲ್ಲು ಬಿದ್ದು ಮಂಡಿ ಹೋಯಿತು. ಹರಕೆ ಅರ್ಧಕ್ಕೆ ಬಿಟ್ಟರೆ ಮನೆಗೆ ಕೇಡು. ಆಗೆಲ್ಲ ಹೆಂಗಸರು ದೆವ್ವದ ವೇಷ ಹಾಕುವಂತಿರಲಿಲ್ಲ. ಸತುರ್ನಿನಾ ಯಾರನ್ನೂ ಕೇಳಲಿಲ್ಲ. ಗಂಡನ ಬೂಟಿಗೆ ಚಿಂದಿಬಟ್ಟೆ ತುರುಕಿ, ಕೊಂಬಿನ ಮುಖವಾಡ ಬಿಗಿದುಕೊಂಡು ಹೊರಟೇಬಿಟ್ಟಳು. ಬಾಯಿಬಿಟ್ಟರೆ ಸಿಕ್ಕಿಬೀಳುತ್ತಾಳಲ್ಲ, ಯಾರು ಏನೇ ಅಂದರೂ ಬರೀ ತಲೆಯಾಡಿಸಿದಳು. ಎರಡು ವರ್ಷಕ್ಕೆ ಹರಕೆ ತೀರಿತು, ಅವಳ ಹುಚ್ಚು ತೀರಲಿಲ್ಲ. ಇಪ್ಪತ್ತೆರಡು ವರ್ಷ ಕುಣಿದಳು. ವರ್ಷವಿಡೀ ಕುಂಟುವವನು ಕಾರ್ನಿವಲ್‌ನಲ್ಲಿ ಹೇಗೆ ಜಿಗಿಯುತ್ತಾನೆ ಎಂದು ಯಾರೂ ಅನುಮಾನಪಡಲಿಲ್ಲ. ಮಾತೆಯ ಪವಾಡವೆಂದು ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡರು.

ಕುಣಿತ ನಿಂತು ಎಷ್ಟೋ ವರ್ಷವಾದ ಮೇಲೆ, ಈಗ ಕುಣಿತದ ತಂಡದವರು ಆ ಪವಾಡದ ನೆನಪಿಗೆ ಸಿಪ್ರಿಯಾನೊಗೆ ಸನ್ಮಾನ ಇಟ್ಟುಕೊಂಡಿದ್ದರು. ಸಾಯುವ ಮೊದಲು ಒಮ್ಮೆಯಾದರೂ ತನ್ನ ಹೆಸರು ಆ ಸಭೆಯಲ್ಲಿ ಕೇಳಬೇಕೆಂದು ಸತುರ್ನಿನಾಳಿಗೆ ಆಸೆ. ಆದರೆ ಹೇಳಿದರೆ ಗಂಡ ನಗೆಪಾಟಲಾಗುತ್ತಾನೆ. ಆಸೆ ನುಂಗಿಕೊಂಡು ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟು, ಅವನ ಜೊತೆ ಸಭೆಗೆ ಬಂದಳು.

ತಂಡದ ಯಜಮಾನ ದೋನ್ ರುಫಿನೊ ಪವಾಡದ ಬಗ್ಗೆ ನಾಲ್ಕು ಮಾತಾಡೆಂದು ಕರೆದ. ಸಿಪ್ರಿಯಾನೊ ಕೋಲೂರಿ ಎದ್ದ.

"ಪವಾಡನೂ ಇಲ್ಲ, ಮಣ್ಣೂ ಇಲ್ಲ ದೋನ್ ರುಫಿನೊ. ಕುಣಿದಿದ್ದು ನನ್ನ ಹೆಂಡ್ತಿ. ನಾನು ಬಾಗ್ಲು ಹಾಕ್ಕೊಂಡು ಮಕ್ಕಳಿಗೆ ಸೂಪ್ ಕಾಯಿಸ್ತಾ ಕೂತಿದ್ದೆ."

ಮೊದಲು ತಲೆ ಮೇಲೆ ಕೈಹೊತ್ತು ಕೂತವನು ರುಫಿನೊ.

"ಅಯ್ಯೋ ದೇವ್ರೇ, ವರ್ಷಾವರ್ಷ ಕುಡಿದು ನನ್ನ ಹೆಂಡ್ತಿ ಮೇಲಿನ ದೂರೆಲ್ಲಾ ಆ ಮುಖವಾಡದ ಕಿವೀಲೇ ಹೇಳ್ಕೊಂಡಿದ್ದೆನಲ್ಲ."

ಪಕ್ಕದಲ್ಲಿದ್ದ ಅವನ ಹೆಂಡತಿ ಮೆಲ್ಲಗೆ ತಿರುಗಿದಳು. "ಏನಂದಿದ್ರು ಸತುರ್ನಿನಕ್ಕ?"

"ಅದು ಇವರ ಗುಟ್ಟು ಕಣಮ್ಮ. ನಂದು ಇದ್ದಿದ್ದು ಒಂದೇ, ಹೊರಗೆ ಬಂತು."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಸಿಪ್ರಿಯಾನೊ ಎಲ್ಲರಿಗಿಂತ ಜೋರಾಗಿ ನಕ್ಕ. ರುಫಿನೊ ಕಣ್ಣೊರೆಸಿಕೊಂಡು ಎದ್ದು, ಸತುರ್ನಿನಾ ಮಮಾನಿ ಎಂದು ಅವಳ ಪೂರ್ತಿ ಹೆಸರು ಕೂಗಿ, ವಾದ್ಯದವರಿಗೆ ಕೈಸನ್ನೆ ಮಾಡಿದ.

ಎಪ್ಪತ್ತೊಂದರ ಮುದುಕಿ ಲಂಗ ಎತ್ತಿಕಟ್ಟಿ ಸಭೆಯ ನಡುವಿಗೆ ಬಂದಳು. ಯಾರೋ ಮುಖವಾಡ ತಂದು ಚಾಚಿದರು. ಬೇಡವೆಂದು ಪಕ್ಕಕ್ಕೆ ಸರಿಸಿದಳು. ಹಲ್ಲಿಲ್ಲದ ಬಾಯಿ ಅಗಲಕ್ಕೆ ತೆರೆದು ನಗುತ್ತ, ಊರವರ ಕಣ್ಣಲ್ಲಿ ಕಣ್ಣಿಟ್ಟು ಕುಣಿದಳು.