ದೀಪ, ಹಕ್ಕಿ, ಏಣಿ, ಬಾವಿ

ನನ್ನ ಭಾವನ ಕೈ ಕುಲುಕಲು ಯಾರೂ ಮುಂದಾಗುವುದಿಲ್ಲ. ಕುಲುಕಿದರೆ ಅಂಟಿಕೊಳ್ಳುತ್ತದೆ. ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಅವರದು. ಬೆಳಿಗ್ಗೆ ಎಂಟಕ್ಕೆ ಅಂಟಿನ ಬೋಗುಣಿಗೆ ಕೈ ಹಾಕಿದರೆ ತೊಳೆಯುವುದು ಮಧ್ಯಾಹ್ನದ ಊಟಕ್ಕೇ. ಕನ್ನಡಕ ಜಾರಿದರೆ ಮೊಣಕೈಯಿಂದ ಮೇಲೆ ತಳ್ಳಿಕೊಳ್ಳುತ್ತಾರೆ. ಫೋನ್ ಬಂದರೆ ಅಕ್ಕ ಒಳಗಿನಿಂದ ಓಡಿಬಂದು ಕಿವಿಗೆ ಹಿಡಿಯಬೇಕು, ಮೂಗು ತುರಿಸಿದರೂ ಅಕ್ಕನೇ ಬರಬೇಕು. ಇಷ್ಟು ಸೇವೆ ಮಾಡಿಸಿಕೊಂಡ ಗಂಡಸು ನಮ್ಮ ಬಳಗದಲ್ಲಿ ಇನ್ನೊಬ್ಬನಿಲ್ಲ, ಅದೂ ಕೆಲಸ ಮಾಡುತ್ತಲೇ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕದಲ್ಲಿ ಕಾಗದ ಕತ್ತರಿಸುವ ಯಂತ್ರ, ನಡುವೆ ಉದ್ದನೆಯ ಮೇಜು, ಅದರ ಮುಂದೆ ಅವರಪ್ಪ ಕೂರುತ್ತಿದ್ದ ಸ್ಟೂಲು. ಮುದ್ರಣಾಲಯದಿಂದ ಪುಸ್ತಕ ಬಿಡಿಬಿಡಿಯಾಗಿ, ಹದಿನಾರು ಪುಟಗಳ ಮಡಿಕೆಗಳಲ್ಲಿ ಬರುತ್ತದೆ. ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಕ್ರಮವಾಗಿ ಜೋಡಿಸಿ ಹೊಲಿದು ರಟ್ಟು ಹಾಕುವುದು ಭಾವನ ವಿದ್ಯೆ. ನಲವತ್ತು ವರ್ಷಗಳಲ್ಲಿ ಒಂದೇ ಒಂದು ಫಾರಂ ಹಿಂದುಮುಂದಾಗಿಲ್ಲ ಎಂಬುದು ಅವರ ಜಂಬ. ಈ ಮಾತನ್ನು ಹಾಲಿನವನಿಗೂ ಹೇಳಿದ್ದಾರೆ.

ಅವರ ಇನ್ನೊಂದು ಹುಚ್ಚು ಪ್ರೋಗ್ರೆಸಿವ್ ರಾಕ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಬೇರೆಯವರು ಮೂರು ನಿಮಿಷದಲ್ಲಿ ಹಾಡಿ ಮುಗಿಸುವುದನ್ನು ಈ ಪಾಶ್ಚಾತ್ಯ ತಂಡಗಳು ಇಪ್ಪತ್ತು ನಿಮಿಷ ಎಳೆಯುತ್ತವೆ, ಹಾಡುವವನು ನಡುವೆ ಹೋಗಿ ಕಾಫಿ ಕುಡಿದು ಬರಬಹುದು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಭಾವನ ಅಂಗಡಿಯಲ್ಲಿ ಮೂವರು ಭಕ್ತರು ಸೇರುತ್ತಾರೆ. ಒಬ್ಬರು ಭಾವ. ಇನ್ನೊಬ್ಬರು ಎದುರು ಬೀದಿಯ ಹಲ್ಲಿನ ಡಾಕ್ಟರು. ಮೂರನೆಯವರು ಲಿಫ್ಟ್ ರಿಪೇರಿ ಮಾಡುವವರು, ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುವುದು. ಮೂವರಿಗೂ ಒಂದೇ ತಂಡ ಪ್ರಾಣ. ಆ ತಂಡದ ಮೊದಲ ಮೂರು ಆಲ್ಬಂಗಳ ಬಗ್ಗೆ ಮೂವರೂ ಒಂದೇ ಬಾಯಲ್ಲಿ ಮಾತಾಡುತ್ತಾರೆ. ನಾಲ್ಕನೆಯದರ ವಿಷಯ ಬಂದರೆ ಮಾತ್ರ ಅಂಗಡಿ ಎರಡು ಹೋಳಾಗುತ್ತದೆ.

ನಾಲ್ಕನೆಯದರಲ್ಲಿ ಎರಡು ರೆಕಾರ್ಡು ತಟ್ಟೆ, ನಾಲ್ಕು ಮಗ್ಗುಲು, ಪೂರ್ತಿ ಎಂಬತ್ತು ನಿಮಿಷ. ಬೀದಿದೀಪ ಹಚ್ಚುವವನೊಬ್ಬನ ಕಥೆ. ಈ ಮೂವರು ಅದನ್ನು ‘ಏಣಿ’ ಎಂದು ಕರೆಯುತ್ತಾರೆ. ಅದರಲ್ಲಿ ಎಂಟು ನಿಮಿಷ ಬಾವಿಯೊಳಗೆ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ತಮ್ಮ ಕ್ಲಿನಿಕ್ಕಿನ ನಲ್ಲಿ ಬಿಟ್ಟಿಯಾಗಿ ಕೇಳಿಸುವುದನ್ನು ದುಡ್ಡು ಕೊಟ್ಟು ಯಾಕೆ ಕೇಳಬೇಕು ಎಂದು ಡಾಕ್ಟರ ತಕರಾರು. ಹಗಲೆಲ್ಲ ಮೇಲೆ ಕೆಳಗೆ ಓಡಾಡುವ ತನಗೆ ಭಾನುವಾರವೂ ಏಣಿ ಹತ್ತುವ ಕರ್ಮವೇ ಎಂದು ಲಿಫ್ಟಣ್ಣನದು. ಭಾವ ಒಬ್ಬರೇ ಮೂವತ್ತು ವರ್ಷದಿಂದ ಅದನ್ನು ಹೊತ್ತು ಮೆರೆಸುತ್ತಿರುವವರು. ಜಗಳ ಮೊದಲ ಸಲವೇ, ರೆಕಾರ್ಡು ಹಾಕುವ ಮುಂಚೆಯೇ, ಅಂಟಿನ ಬೋಗುಣಿ ಉರುಳುವ ತನಕ ಹೋದಾಗ ಅಕ್ಕ ಒಂದು ಕಾನೂನು ಮಾಡಿದಳು: ‘ಏಣಿ’ಯ ಬಗ್ಗೆ ಎಷ್ಟು ಬೇಕಾದರೂ ಕಿತ್ತಾಡಿ, ಆದರೆ ಭಾನುವಾರ ಅದನ್ನು ಹಾಕುವಂತಿಲ್ಲ. ಹಾಗಾಗಿ ಮೂವರೂ ಅದನ್ನು ಒಟ್ಟಿಗೆ ಒಮ್ಮೆಯೂ ಕೇಳಿಲ್ಲ.

ಈ ಕಾನೂನಿನಿಂದಾಗಿ ಕೆಲವು ವಿಚಿತ್ರಗಳು ಯಾರ ಗಮನಕ್ಕೂ ಬರಲಿಲ್ಲ. ಅದರ ಕೊನೆ ತೀರಾ ಸಿಹಿಯಾಯಿತು ಎಂದು, ತಮ್ಮ ಮನೆಯಲ್ಲಿ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಡಾಕ್ಟರು ಮೂಗು ಮುರಿಯುತ್ತಿದ್ದರು. ಅಂಥ ಕೊನೆ ಸಿಹಿಯಾಗಿ ಕೇಳಿಸಿದವನಿಗೆ ಕಿವಿಯೇ ಇಲ್ಲ ಎಂದು ಭಾವ ಸಿಡುಕುತ್ತಿದ್ದರು. ನಾನು ಎಷ್ಟೋ ಭಾನುವಾರ ಕಾಫಿ ಲೋಟ ಹಿಡಿದು ಇದನ್ನು ಕೇಳಿದ್ದೇನೆ. ಸಂಗೀತ ತಿಳಿದವರ ಜಗಳ ಹೀಗೇ ಇರುತ್ತದೇನೋ ಎಂದುಕೊಂಡು ಸುಮ್ಮನಿದ್ದೆ.

ಭಾವ ಆ ರೆಕಾರ್ಡನ್ನು ಕೊಂಡದ್ದು ಹಳೆಯ ಸಾಮಾನಿನ ಅಂಗಡಿಯಲ್ಲಿ. ತಟ್ಟೆಗಳೆರಡನ್ನೂ ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು, ಹೊದಿಕೆ ಇರಲಿಲ್ಲ. ತಟ್ಟೆಗಳ ಮೇಲೆ ಅಂಕಿಯೂ ಇಲ್ಲ, ಅಕ್ಷರವೂ ಇಲ್ಲ, ಮಗ್ಗುಲಿಗೊಂದು ಚಿತ್ರ ಮಾತ್ರ. ಒಂದು ತಟ್ಟೆಯಲ್ಲಿ ದೀಪ, ಅದರ ಬೆನ್ನಿಗೆ ಹಕ್ಕಿ. ಇನ್ನೊಂದರಲ್ಲಿ ಏಣಿ, ಅದರ ಬೆನ್ನಿಗೆ ಬಾವಿ. ಭಾವ ತಾವೇ ಕಂದು ಬಟ್ಟೆಯ ರಟ್ಟಿನ ಪೆಟ್ಟಿಗೆ ಮಾಡಿ ಅವನ್ನು ಅದರಲ್ಲಿಟ್ಟರು. ಆಮೇಲೆ ವಾರಕ್ಕೊಮ್ಮೆಯಾದರೂ ಕೆಲಸದ ನಡುವೆ ಅದನ್ನು ಕೇಳಿದರು. ದೀಪ, ಹಕ್ಕಿ, ಏಣಿ, ಬಾವಿ.

ಅವರು ಬಿಡಿಸಿ ಹೇಳುತ್ತಿದ್ದ ಅರ್ಥ ನನಗೆ ಬಾಯಿಪಾಠ. ದೀಪ ಹಚ್ಚುವವನು ಮನೆ ಬಿಡುತ್ತಾನೆ. ಎರಡನೆಯ ಮಗ್ಗುಲಿಗೇ ಮನೆಗೆ ಬಂದುಬಿಡುತ್ತಾನೆ, ಕಿಟಕಿಯಲ್ಲಿ ಹಕ್ಕಿ ಕೂಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕಥೆ ಅಲ್ಲಿಗೇ ಮುಗಿಸುತ್ತಿದ್ದರು. ಈ ತಂಡದವರು ಹಾಗಲ್ಲ. ಮನೆಯಲ್ಲಿ ಕೂತವನು ಮನಸ್ಸಿನೊಳಗೇ ಏಣಿ ಹತ್ತುತ್ತಾನೆ, ಬಾವಿಗೂ ಇಳಿಯುತ್ತಾನೆ, ಎಲ್ಲ ಕೂತಲ್ಲೇ. ಇದನ್ನು ಹೇಳುವಾಗ ಭಾವನ ದನಿ ಬದಲಾಗುತ್ತಿತ್ತು. ಯಾಕೆಂದು ನಮಗೆಲ್ಲ ಗೊತ್ತು. ಹದಿನೆಂಟಕ್ಕೆ ದೂರದ ಬಂದರು ಪಟ್ಟಣದ ದೊಡ್ಡ ಮುದ್ರಣಾಲಯಕ್ಕೆ ಕೆಲಸಕ್ಕೆ ಹೋಗಿದ್ದವರು ಅವರು. ಭಾವನಿಗೆ ಇಪ್ಪತ್ತೆರಡಾದಾಗ ಅವರಪ್ಪನ ಎರಡು ಬೆರಳು ಕತ್ತರಿಸುವ ಯಂತ್ರಕ್ಕೆ ಸಿಕ್ಕಿದವು. ಭಾವ ಬಂದು ಆ ಸ್ಟೂಲಿನ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅದರ ಬಗ್ಗೆ ಒಂದು ದಿನವೂ ಗೊಣಗಿದವರಲ್ಲ. ಗೊಣಗುವ ಬದಲು ‘ಏಣಿ’ ಕೇಳುತ್ತಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಾನು ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ‘ಏಣಿ’ ಬಂದು ನಲವತ್ತು ವರ್ಷವಾಯಿತಲ್ಲ, ನಮ್ಮ ಪುಟ್ಟ ಸಭಾಂಗಣದಲ್ಲಿ ಶನಿವಾರ ಮಧ್ಯಾಹ್ನ ಅದನ್ನು ಪೂರ್ತಿ ಕೇಳಿಸಿ ಭಾವನಿಂದ ಮಾತಾಡಿಸೋಣ ಎಂದು ಹೊಳೆಯಿತು. ಭಾವ ಮೊದಲು ಬೇಡವೆಂದರು, ಆಮೇಲೆ ಹೊಸ ಶರ್ಟು ಹೊಲಿಸಿದರು. ಮುಂದಿನ ಸಾಲಿನಲ್ಲಿ ಕೂತು ಆಕಳಿಸುವುದಾಗಿ ಡಾಕ್ಟರು ಮಾತು ಕೊಟ್ಟರು. ಮೂವತ್ತು ವರ್ಷದ ವ್ಯಾಜ್ಯ ಜನರ ಮುಂದೆ ತೀರ್ಮಾನವಾಗುತ್ತದೆಂದು ಭಾವ ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಂಡರು.

ಬುಧವಾರ ಗ್ರಂಥಾಲಯಕ್ಕೆ ಒಂದು ಪಾರ್ಸೆಲ್ ಬಂತು. ಅದೇ ಆಲ್ಬಮ್ಮಿನ ಹೊಸ ಮುದ್ರಣ, ಜೊತೆಗೊಂದು ಪುಸ್ತಿಕೆ. ಕಾಫಿ ಕುಡಿಯುತ್ತ ಪುಟ ತಿರುವಿದೆ. ಮೊದಲ ಮಗ್ಗುಲು ದೀಪ, ಎರಡನೆಯದು ಏಣಿ, ಮೂರನೆಯದು ಬಾವಿ, ನಾಲ್ಕನೆಯದು ಹಕ್ಕಿ. ಕಾರಣವನ್ನೂ ಬರೆದಿದ್ದರು. ಆ ಕಾಲದಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ತಾನಾಗಿಯೇ ಒಂದಾದ ಮೇಲೊಂದು ಬೀಳಿಸಿ ನುಡಿಸುವ ಯಂತ್ರಗಳಿದ್ದವಂತೆ. ಅದಕ್ಕೆ ಹೊಂದಲೆಂದು ಒಂದು ಮತ್ತು ನಾಲ್ಕನೆಯ ಮಗ್ಗುಲನ್ನು ಒಂದೇ ತಟ್ಟೆಯ ಬೆನ್ನಿಗೆ ಬೆನ್ನಿಟ್ಟು ಅಚ್ಚು ಹಾಕಿದ್ದರಂತೆ. ಅಂದರೆ ಒಂದು ತಟ್ಟೆಯನ್ನು ಎರಡೂ ಕಡೆ ಮುಗಿಸಿ ಇನ್ನೊಂದಕ್ಕೆ ಹೋದರೆ ಕಥೆ ಅಡಿಮೇಲಾಗುತ್ತದೆ. ಭಾವ ಮೂವತ್ತು ವರ್ಷದಿಂದ ಮಾಡಿದ್ದು ಅದನ್ನೇ. ನನ್ನ ಕಾಫಿ ತಣ್ಣಗಾಯಿತು.

ಹೇಳದೆ ಬಿಟ್ಟರೆ ಶನಿವಾರ ಡಾಕ್ಟರ ಎದುರಿಗೇ ಬಯಲಾಗುತ್ತದೆ, ಭಾವ ಮತ್ತೆ ಭಾನುವಾರ ತಲೆ ಎತ್ತುವ ಹಾಗಿಲ್ಲ. ಹೇಳೋಣವೆಂದು ಗುರುವಾರ ಅಂಗಡಿಗೆ ಹೋದೆ. ಹೋದ ಗಳಿಗೆಯೇ ಸರಿಯಿರಲಿಲ್ಲ. ಬೇರೆ ಯಾರೋ ಫಾರಂ ತಪ್ಪಿ ಹೊಲಿದ ಪುಸ್ತಕವೊಂದು ಅವರ ಮೇಜಿಗೆ ಬಂದಿತ್ತು. ಕಣ್ಣು ಮುಚ್ಚಿಕೊಂಡು ಕೆಲಸ ಮಾಡುವ ಇಂಥವರಿಗೆ ಸೂಜಿ ಕೊಟ್ಟವರಾರು ಎಂದು ಅದರ ಹೊಲಿಗೆ ಬಿಚ್ಚುತ್ತ ಬೈಯುತ್ತಿದ್ದರು. ಪುಸ್ತಿಕೆಯನ್ನು ಸುಮ್ಮನೆ ಮೇಜಿನ ಮೇಲೆ, ಅವರ ಕಣ್ಣಿಗೆ ಬೀಳುವಂತೆ ಬಿಡಿಸಿಟ್ಟೆ.

ಅವರು ಓದಿದರು. ಕೈಯಲ್ಲಿ ಅಂಟಿದ್ದದ್ದರಿಂದ ಪುಟ ತಿರುವುವಂತೆ ನನಗೆ ಕಣ್ಣಲ್ಲೇ ಹೇಳಿದರು. ತಿರುವಿದೆ. ಮತ್ತೆ ಹಿಂದಕ್ಕೆ ತಿರುವಿಸಿದರು. ಕೊನೆಗೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಹನ್ನೊಂದು ಗಂಟೆಗೆ ಅವರು ಕೈ ತೊಳೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಾವೇ ರೆಕಾರ್ಡು ಹಾಕಿ, ಪುಸ್ತಿಕೆಯ ಕ್ರಮದಲ್ಲೇ ತಟ್ಟೆ ಬದಲಾಯಿಸುತ್ತ, ಎಂಬತ್ತು ನಿಮಿಷ ಸ್ಟೂಲಿನ ಮೇಲೆ ಅಲ್ಲಾಡದೆ ಕೂತರು. ದೀಪ ಹಚ್ಚುವವನು ಹೊರಟ, ಹತ್ತಿದ, ಬಿದ್ದ, ಮನೆಗೆ ಬಂದ, ಹಕ್ಕಿ ಕೂಗಿತು. ಮುಳ್ಳು ಎತ್ತಿಟ್ಟು ಭಾವ ನನ್ನ ಕಡೆ ತಿರುಗಿದರು.

“ಸುಮಾರಾಗಿದೆ,” ಎಂದರು. ತಟ್ಟೆಯನ್ನು ಪೆಟ್ಟಿಗೆಗೆ ಹಾಕುತ್ತ, “ಕೊನೆ ತೀರಾ ಸಿಹಿ.”

ನನಗೆ ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಶನಿವಾರ ತಾವು ಬರುವುದಿಲ್ಲ ಎಂದರು. ಜ್ವರ ಎಂದು ಹೇಳಬೇಕಂತೆ. ಊರಿಗೆಲ್ಲ ಕ್ರಮದ ಪಾಠ ಹೇಳುವವನು ತನ್ನ ಪ್ರಾಣದಂಥ ವಸ್ತುವನ್ನೇ ಅಡಿಮೇಲು ಮಾಡಿಟ್ಟುಕೊಂಡಿದ್ದ ಎಂದರೆ ಡಾಕ್ಟರು ಸಾಯುವವರೆಗೂ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ತಾವು ಕೇಳಿದ್ದು ಏನನ್ನು ಎಂದೇ ತಿಳಿಯುತ್ತಿಲ್ಲ ಎಂದರು.

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು, ಆಮೇಲೆ ಹೇಳಿದಳು:

“ಅದನ್ನ ನೀವು ಎಲ್ಲಿ ಹಾಕಿದ್ರಿ? ಹಾಕಿದ್ದು ನಾನು. ನಿಮ್ಮ ಕೈ ಅಂಟಾಗಿತ್ತು. ದೀಪ ಇದ್ದದ್ದನ್ನ ಮೊದಲು ಹಾಕಿದೆ, ಹೊರಡೋರು ದೀಪ ತಗೊಂಡು ತಾನೆ ಹೊರಡೋದು. ಅದು ಮುಗೀತು, ಮುಂದಿನದು ಹಾಕು ಅಂದ್ರಿ. ಮಗು ನನ್ನ ಸೊಂಟದ ಮೇಲಿತ್ತು. ಒಂದು ಕೈಯಲ್ಲಿ ತಟ್ಟೆ ಬದಲಾಯಿಸಕ್ಕೆ ಆಗುತ್ತಾ? ತಿರುಗಿಸಿ ಹಾಕಿದೆ. ನೀವು ಚೆನ್ನಾಗಿದೆ ಅಂದ್ರಿ. ಅದಕ್ಕೇ ಪ್ರತಿ ಸಲ ಹಾಗೇ ಹಾಕಿದೆ.”

ಭಾವ ಅವಳನ್ನೇ ನೋಡುತ್ತ ಕೂತರು. ಅಕ್ಕ ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಹೋದಳು. ನಾನೂ ಹೊರಟೆ. ಶುಕ್ರವಾರವೆಲ್ಲ ಕಾದೆ, ಜ್ವರದ ಫೋನ್ ಬರಲಿಲ್ಲ.

ಶನಿವಾರ ನಲವತ್ತು ಕುರ್ಚಿಗೆ ಇಪ್ಪತ್ತಮೂರು ಜನ ಬಂದಿದ್ದರು. ಡಾಕ್ಟರು ಮಾತಿಗೆ ತಪ್ಪದೆ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು, ಪಕ್ಕದಲ್ಲಿ ಲಿಫ್ಟಣ್ಣ. ಭಾವ ಹೊಸ ಶರ್ಟಿನಲ್ಲಿ, ಕಂದು ಪೆಟ್ಟಿಗೆ ಎದೆಗವಚಿಕೊಂಡು ಬಂದರು. ನೋಟ್‌ಬುಕ್ ತಂದಿರಲಿಲ್ಲ. ಎದ್ದು ನಿಂತು, ಮೊಣಕೈಯಿಂದ ಕನ್ನಡಕ ಮೇಲೆ ತಳ್ಳಿಕೊಂಡರು. ಅವತ್ತು ಕೈಯಲ್ಲಿ ಅಂಟೇನೂ ಇರಲಿಲ್ಲ.

“ನಾನು ರಟ್ಟು ಹಾಕೋನು,” ಎಂದು ಶುರುಮಾಡಿದರು. “ನನ್ನ ಕೈಯಲ್ಲಿ ಫಾರಂ ಹಿಂದುಮುಂದಾಗಿಲ್ಲ. ಆದ್ರೆ ಈ ರೆಕಾರ್ಡನ್ನ ಮೂವತ್ತು ವರ್ಷ ತಪ್ಪು ಕ್ರಮದಲ್ಲಿ ಕೇಳಿದೀನಿ. ಮೊನ್ನೆ ಗೊತ್ತಾಯ್ತು. ಸರಿಯಾದ ಕ್ರಮದಲ್ಲೂ ಕೇಳ್ದೆ. ಡಾಕ್ಟ್ರು ಹೇಳ್ತಿದ್ದದ್ದೇ ನಿಜ, ಅದು ಅಷ್ಟೇನೂ ಚೆನ್ನಾಗಿಲ್ಲ.”

ಡಾಕ್ಟರು ಚಾಚಿದ ಕಾಲನ್ನು ಒಳಗೆಳೆದುಕೊಂಡರು. ಮೂವತ್ತು ವರ್ಷ ಹೊಡೆದಾಡಿ ಗೆದ್ದ ಮನುಷ್ಯನ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

“ಇವತ್ತು ನಾನು ಕೇಳಿದ ಹಾಗೇ ಹಾಕಿಸ್ತೀನಿ,” ಎಂದರು ಭಾವ. “ಈ ಕ್ರಮ ಆ ತಂಡದ್ದಲ್ಲ. ನನ್ನದೂ ಅಲ್ಲ. ನನ್ನ ಹೆಂಡತೀದು.”

ಹಿಂದಿನ ಸಾಲಿನಲ್ಲಿದ್ದ ಅಕ್ಕ ನನ್ನ ತೊಡೆ ಚಿವುಟಿ, ಈ ಮನುಷ್ಯ ನನ್ನ ಮಾನ ಕಳೆದ ಎಂದಳು. ಎದ್ದು ಹೋಗದೆ ವಿಧಿಯಿರಲಿಲ್ಲ. ಹೋಗಿ ದೀಪ ಹಾಕಿದಳು. ಮುಗಿದ ಮೇಲೆ ತಿರುಗಿಸಿ ಹಕ್ಕಿ ಹಾಕಿದಳು, ಆಮೇಲೆ ಏಣಿ, ಆಮೇಲೆ ಬಾವಿ. ಪ್ರತಿ ಸಲವೂ ಒಂದೇ ಕೈಯಲ್ಲಿ. ಇನ್ನೊಂದು ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತಿತ್ತು. ಆ ಮಗುವಿಗೆ ಈಗ ಮೂವತ್ತೊಂದು ವರ್ಷ.

ಕೊನೆಯ ಎಂಟು ನಿಮಿಷ ನೀರು ತೊಟ್ಟಿಕ್ಕಿತು. ಯಾರೂ ಆಕಳಿಸಲಿಲ್ಲ. ಸದ್ದು ನಿಂತ ಮೇಲೂ ಇನ್ನೂ ಏನೋ ಇದೆಯೆಂದು ಎಲ್ಲರೂ ಕಾದರು. ಡಾಕ್ಟರೇ ಕೇಳಿದರು:

“ಹಕ್ಕಿ ಬರಲ್ವೇನಯ್ಯಾ ಇನ್ನು?”

“ಆಗಲೇ ಬಂತಲ್ಲ,” ಎಂದರು ಭಾವ. “ಮನೆಗೆ ಬಂದಾಗಲೇ.”

ಹೊರಗೆ ಬಂದಾಗ ಡಾಕ್ಟರು, ತಮ್ಮ ಕ್ಲಿನಿಕ್ಕಿನ ನಲ್ಲಿಗೆ ಈಗಲೂ ಒಂದು ವಾಷರ್ ಬೇಕೆಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಬಾವಿಯಿಂದಲೇ ಶುರುಮಾಡಿ ಮೇಲಕ್ಕೆ ಬಂದರೆ ಹೇಗೆ ಎಂದು ಲಿಫ್ಟಣ್ಣ ಯೋಚಿಸತೊಡಗಿದ್ದರು. ಮಾರನೆಯ ದಿನ ಭಾನುವಾರ. ಜಗಳಕ್ಕೆ ಬೇಕಾದಷ್ಟು ಸರಕು ಸಿಕ್ಕಿತ್ತು.

ಅಕ್ಕ, ಭಾವ, ನಾನು ಮನೆಯ ಕಡೆ ನಡೆದೆವು. ಭಾವನ ಎರಡೂ ಕೈಯಲ್ಲಿ ಅಂಗಡಿಯಿಂದ ತಂದಿದ್ದ ರೆಕಾರ್ಡ್ ಪ್ಲೇಯರ್, ಅಕ್ಕನ ಕೈಯಲ್ಲಿ ಕಂದು ಪೆಟ್ಟಿಗೆ. ಅಷ್ಟು ಜನರ ಮುಂದೆ ತನ್ನ ಹೆಸರೆತ್ತಬಾರದಿತ್ತು ಎಂದು ಅಕ್ಕ ಬೀದಿಯ ಉದ್ದಕ್ಕೂ ಬೈದಳು. ತಿರುವಿಗೆ ಬಂದಾಗ ಅವಳ ದನಿ ಇಳಿಯಿತು.

“ಅವತ್ತು ಮಗು ಮಲಗಿದ್ದಿದ್ರೆ ಸರಿಯಾಗೇ ಹಾಕ್ತಿದ್ದೆನೋ ಏನೋ,” ಎಂದಳು.

ಭಾವ ಪ್ಲೇಯರನ್ನು ಎದೆಗೆ ಎತ್ತಿ ಹಿಡಿದುಕೊಂಡರು.

“ಆಗ ನಾನು ಆ ರೆಕಾರ್ಡನ್ನ ಮಾರನೇ ದಿನವೇ ವಾಪಸ್ ಕೊಟ್ಟುಬಿಡ್ತಿದ್ದೆ,” ಎಂದರು.

ಅವರ ಕನ್ನಡಕ ಜಾರಿತ್ತು, ಅಕ್ಕ ಕೈ ಚಾಚಿ ಮೇಲೆ ಸರಿಸಿದಳು.